ಹೊಸ ಶೆಲ್ಲು ಹಾಕಿದ ಮೇಲೆ ಮಲಗಿದ ಕಂಟ್ರೋಲರ್

ಪ್ರಶ್ನೆ: ಮಗ ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವ ವೈರ್‌ಲೆಸ್ ಗೇಮ್ ಕಂಟ್ರೋಲರಿನ ಶೆಲ್ಲು ಮುಗಿಯಿತೆಂದು ಎರಡು ಹೊಸ ಪೆನ್ಸಿಲ್ ಶೆಲ್ಲು ತಂದು ಹಾಕಿದೆ. ದೀಪ ಹತ್ತುತ್ತದೆ, ಆಟವೂ ಶುರುವಾಗುತ್ತದೆ. ಆದರೆ ಐದೇ ನಿಮಿಷ. ಅದರಲ್ಲೂ ಕಾರು ಎಲ್ಲಾದರೂ ಗುದ್ದಿತೋ, ಕಂಟ್ರೋಲರ್ ಅಲ್ಲಿಗೇ ಸತ್ತುಹೋಗುತ್ತದೆ. ರಿಪೇರಿ ಅಂಗಡಿಯ ಹುಡುಗ ಮೀಟರ್ ಹಿಡಿದು ನೋಡಿ, ಹೊಸ ಶೆಲ್ಲಿನಲ್ಲಿ ಒಂದೂವರೆ ವೋಲ್ಟಿಗಿಂತ ಜಾಸ್ತಿಯೇ ಇದೆ, ಹಳೆಯದರಲ್ಲಿ ಒಂದೂಕಾಲು ಅಷ್ಟೇ ಎಂದ. ಮನೆಗೆ ಬಂದು ಸಿಟ್ಟಿನಲ್ಲಿ ಹಳೆಯದನ್ನೇ ಮತ್ತೆ ತುರುಕಿದರೆ ಹತ್ತು ನಿಮಿಷ ಚೆನ್ನಾಗಿ ನಡೆಯಿತು! ಹೊಸ ಶೆಲ್ಲನ್ನು ಟಿವಿ ರಿಮೋಟಿಗೆ ಹಾಕಿದರೆ ಅಲ್ಲಿ ಯಾವ ತಕರಾರೂ ಇಲ್ಲ. ‘ಶೆಲ್ಲು ತೆಗೆದಾಗ ಅದರ ಮೆಮೊರಿ ಹೋಗಿದೆ, ಬೇರೆಯದೇ ತಗೋಬೇಕು’ ಎನ್ನುತ್ತಾನೆ ಮಗ. ನಿಜವೇ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮಗನ ಮಾತಿನಲ್ಲಿ ತಂತ್ರಜ್ಞಾನ ಎಷ್ಟಿದೆ, ಹೊಸ ಕಂಟ್ರೋಲರಿನ ಆಸೆ ಎಷ್ಟಿದೆ ಎಂಬುದನ್ನು ನೀವೇ ಅಳೆದುಕೊಳ್ಳಿ. ಮೆಮೊರಿ ಹೋಗಿಲ್ಲ. ತಾನು ಯಾವ ಕಂಪ್ಯೂಟರಿನ ಜೊತೆ ಜೋಡಿಯಾಗಿದ್ದೇನೆ ಎಂಬುದನ್ನು ಈ ಕಂಟ್ರೋಲರುಗಳು ಕರೆಂಟು ಇಲ್ಲದಿದ್ದರೂ ಅಳಿಯದ ಬಗೆಯ ಮೆಮೊರಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ನಿಮ್ಮ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡರೂ ಅದರೊಳಗಿನ ಫೋಟೋಗಳು ಉಳಿಯುತ್ತವಲ್ಲ, ಹಾಗೆ. ಶೆಲ್ಲನ್ನು ವರ್ಷಗಟ್ಟಲೆ ತೆಗೆದಿಟ್ಟರೂ ಆ ವಿಳಾಸ ಅಲ್ಲೇ ಇರುತ್ತದೆ. ಅಲ್ಲದೆ ನಿಮ್ಮದು ಜೋಡಿಯಾಗಿ, ಆಟ ಶುರುವಾಗಿ, ಆಮೇಲೆ ಸಾಯುತ್ತಿದೆ. ನೆನಪು ಕಳೆದುಕೊಂಡದ್ದು ಐದು ನಿಮಿಷ ಆಡುವುದಾದರೂ ಹೇಗೆ?

ಹೀಗಾಗಿ ಗುಮಾನಿ ನೇರವಾಗಿ ಆ ಎರಡು ಹೊಸ ಶೆಲ್ಲುಗಳ ಮೇಲೆ ಬೀಳುತ್ತದೆ. ಮೀಟರು ಅವನ್ನು ಪಾಸು ಮಾಡಿದೆ, ಟಿವಿ ರಿಮೋಟೂ ಪಾಸು ಮಾಡಿದೆ, ಸರಿ. ಆದರೆ ಇವೆರಡೂ ಬಹಳ ಸುಲಭದ ಪ್ರಶ್ನೆಪತ್ರಿಕೆ ಕೊಡುವ ಮೇಷ್ಟರುಗಳು.

ಮೊದಲು ಒಂದು ಕೆಲಸ ಮಾಡಿ. ಆ ಶೆಲ್ಲನ್ನು ಬೆಳಕಿಗೆ ಹಿಡಿದು ಮೈಮೇಲಿನ ಸಣ್ಣ ಅಕ್ಷರ ಓದಿ. ಪೆನ್ಸಿಲ್ ಶೆಲ್ಲಿನ ಮೇಲೆ ಕಾಣುವ ‘ಎಎ’ ಎಂಬುದು ಬರೀ ಅಳತೆಯ ಹೆಸರು: ಸುಮಾರು 14.5 ಮಿಲಿಮೀಟರ್ ದಪ್ಪ, 50.5 ಮಿಲಿಮೀಟರ್ ಉದ್ದ. ಒಳಗೇನಿದೆ ಎಂದು ಅದು ಹೇಳುವುದಿಲ್ಲ. ಅದನ್ನು ಹೇಳುವುದು ಪಕ್ಕದಲ್ಲಿರುವ ಇನ್ನೊಂದು ಗುರುತು. ‘ಆರ್6’ ಎಂದಿದ್ದರೆ ಸತು-ಕಾರ್ಬನ್ ಶೆಲ್ಲು. ಅದರ ಹಿಂದೆ ‘ಎಲ್’ ಸೇರಿ ‘ಎಲ್‌ಆರ್6’ ಆಗಿದ್ದರೆ ಅಲ್ಕಲೈನ್. ‘ಎಚ್‌ಆರ್6’ ಇದ್ದರೆ ಚಾರ್ಜ್ ಮಾಡಿ ಮತ್ತೆ ಮತ್ತೆ ಬಳಸುವ ನಿಕಲ್-ಮೆಟಲ್ ಹೈಡ್ರೈಡ್. ನಿಮ್ಮದರ ಮೇಲೆ ಬರೀ ‘ಆರ್6’, ಅದರ ಕೆಳಗೆ ದಪ್ಪಕ್ಷರದಲ್ಲಿ ‘ಹೆವಿ ಡ್ಯೂಟಿ’ ಎಂದಿರಬೇಕು ಎಂಬುದು ನನ್ನ ಊಹೆ. ಈ ‘ಹೆವಿ ಡ್ಯೂಟಿ’ಯಷ್ಟು ಗ್ರಾಹಕರನ್ನು ಯಾಮಾರಿಸಿದ ಮಾತು ಶೆಲ್ಲಿನ ಲೋಕದಲ್ಲಿ ಮತ್ತೊಂದಿಲ್ಲ. ಮೊದಲಿನ ಸಾದಾ ಸತು-ಕಾರ್ಬನ್ ಶೆಲ್ಲಿಗಿಂತ ಸ್ವಲ್ಪ ಗಟ್ಟಿ ಎನ್ನುವ ಅರ್ಥದಲ್ಲಿ, ಸತುವಿನ ಕ್ಲೋರೈಡ್ ಬಳಸಿದ ಸುಧಾರಿತ ಬಗೆಗೆ ಆ ಹೆಸರಿಟ್ಟರು. ಹೋಲಿಕೆಗೆ ಇಟ್ಟುಕೊಂಡ ಆ ಹಳೆಯ ಶೆಲ್ಲು ಹೆಚ್ಚುಕಡಿಮೆ ಮರೆಗೆ ಸರಿಯಿತು, ಹೆಸರು ಮಾತ್ರ ಉಳಿಯಿತು. ಇವತ್ತು ಅಂಗಡಿಯ ಗೂಟದಲ್ಲಿ ಅಕ್ಕಪಕ್ಕ ತೂಗುವ ಎರಡು ಬಗೆಗಳಲ್ಲಿ ‘ಹೆವಿ ಡ್ಯೂಟಿ’ ಎಂದು ಬರೆದದ್ದೇ ಬಡಕಲು.

ಹೆಸರಿನ ಮಾತು ಬಂದದ್ದಕ್ಕೆ ಒಂದು ಅಡ್ಡಮಾತು. ನಮ್ಮ ಹಳ್ಳಿಗಳ ಕಡೆ ‘ಬ್ಯಾಟ್ರಿ’ ಎಂದರೆ ಟಾರ್ಚು. ಅದರೊಳಗೆ ಹಾಕುವುದು ‘ಶೆಲ್ಲು’. ಪೇಟೆಯವರು ಇದನ್ನು ಕೇಳಿ ನಗುವುದುಂಟು. ಹಾಗೆ ನೋಡಿದರೆ ಹಳ್ಳಿಯ ಮಾತೇ ಹೆಚ್ಚು ಶುದ್ಧ. ಬೆಂಜಮಿನ್ ಫ್ರಾಂಕ್ಲಿನ್ 1749ರ ಸುಮಾರಿಗೆ ‘ಬ್ಯಾಟರಿ’ ಎಂಬ ಪದವನ್ನು ವಿದ್ಯುತ್ತಿಗೆ ತಂದಾಗ ಅದರ ಅರ್ಥ ಒಂದರ ಪಕ್ಕ ಒಂದು ಜೋಡಿಸಿದ ವಿದ್ಯುತ್ ಜಾಡಿಗಳ ಸಾಲು ಎಂದಿತ್ತು. ಪೆನ್ಸಿಲ್ ಗಾತ್ರದ ಒಂಟಿ ಕೊಳವೆ ಬ್ಯಾಟರಿಯಲ್ಲ, ಬರೀ ಶೆಲ್ಲು.

ಈಗ ನಿಮ್ಮ ಒಗಟಿಗೆ ಬರೋಣ. ಒಂದೂವರೆ ವೋಲ್ಟಿನದು ಒಂದೂಕಾಲು ವೋಲ್ಟಿನದರ ಮುಂದೆ ಸೋತದ್ದು ಹೇಗೆ?

ಮನೆಯ ತಾರಸಿಯ ಮೇಲೆ ನೀರಿನ ಟ್ಯಾಂಕಿದೆ ಎನ್ನಿ. ಟ್ಯಾಂಕು ತುಂಬಿದೆ, ಆದರೆ ಕೆಳಗಿಳಿಯುವ ಪೈಪಿನೊಳಗೆ ವರ್ಷಗಳ ಉಪ್ಪು ಕಟ್ಟಿಕೊಂಡಿದೆ. ಅಡುಗೆಮನೆಯ ನಲ್ಲಿಯನ್ನು ಸಣ್ಣಗೆ ಬಿಟ್ಟರೆ ನೀರು ಚೆನ್ನಾಗಿಯೇ ಬರುತ್ತದೆ. ಅದೇ ಹೊತ್ತಿಗೆ ಬಚ್ಚಲಿನಲ್ಲಿ ಯಾರೋ ನಲ್ಲಿ ಪೂರ್ತಿ ತಿರುಗಿಸಿದರೆ ಎರಡೂ ಕಡೆ ತೊಟ್ಟಿಕ್ಕತೊಡಗುತ್ತದೆ. ನೀರು ಕಡಿಮೆಯಾಯಿತೆಂದು ತಾರಸಿ ಹತ್ತಿ ನೋಡಿದರೆ ಟ್ಯಾಂಕು ಭರ್ತಿ. ರಿಪೇರಿ ಅಂಗಡಿಯ ಹುಡುಗ ಮಾಡಿದ್ದು ಇದನ್ನೇ, ತಾರಸಿ ಹತ್ತಿ ಟ್ಯಾಂಕು ಇಣುಕಿದ. ಮೀಟರು ವೋಲ್ಟೇಜು ಅಳೆಯುವಾಗ ಶೆಲ್ಲಿನಿಂದ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು. ಯಾರೂ ನಲ್ಲಿ ತಿರುಗಿಸದೆ ಇದ್ದಾಗ ಪೈಪು ಕಟ್ಟಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಶೆಲ್ಲಿನೊಳಗಿನ ಈ ಕಟ್ಟಿದ ಪೈಪಿಗೆ ಆಂತರಿಕ ರೋಧ ಎನ್ನುತ್ತಾರೆ. ಲೆಕ್ಕ ಮಾಡಿ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. ದಣಿದ ಸತು-ಕಾರ್ಬನ್ ಶೆಲ್ಲೊಂದರ ಆಂತರಿಕ ರೋಧ ಒಂದು ಓಮ್ ಎಂದಿಟ್ಟುಕೊಳ್ಳಿ. ಕಾರು ಗುದ್ದಿದ ಕ್ಷಣ ಕಂಟ್ರೋಲರ್ 400 ಮಿಲಿಆಂಪಿಯರ್ ಕೇಳಿತು ಎನ್ನೋಣ. ಒಂದೊಂದು ಶೆಲ್ಲಿನೊಳಗೇ 0.4 ವೋಲ್ಟ್ ಸೋರಿಹೋಯಿತು, ಎರಡರಿಂದ 0.8. ಮೀಟರಿನಲ್ಲಿ 3.1 ಕಂಡದ್ದು ಈಗ 2.3. ಅದೇ ಜಾಗದಲ್ಲಿ ಚಾರ್ಜ್ ಮಾಡಿದ ನಿಕಲ್-ಮೆಟಲ್ ಹೈಡ್ರೈಡ್ ಶೆಲ್ಲುಗಳಿದ್ದರೆ? ಅವುಗಳ ವೋಲ್ಟೇಜು ತಲಾ 1.2, ಒಟ್ಟು 2.4 ಮಾತ್ರ. ಆದರೆ ಒಳಗಿನ ರೋಧ ಒಂದು ಓಮಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಅದೇ ಹೊಡೆತಕ್ಕೆ ಅವು 2.36ರಲ್ಲಿ ನಿಲ್ಲುತ್ತವೆ. ಕಾಗದದ ಮೇಲೆ ಕುಳ್ಳಗೆ ಕಂಡದ್ದು ಅಖಾಡದಲ್ಲಿ ಎತ್ತರವಾಯಿತು. ನಿಮ್ಮ ಹಳೆಯ ಶೆಲ್ಲುಗಳು ಬಹುಶಃ ಅಲ್ಕಲೈನ್. ಮುಗಿಯುತ್ತ ಬಂದಿದ್ದರೂ ಅವುಗಳ ಪೈಪು ಇನ್ನೂ ಅಷ್ಟು ಕಟ್ಟಿಲ್ಲ. ಹೊರತೆಗೆದಿಟ್ಟಷ್ಟು ಹೊತ್ತು ಸುಮ್ಮನಿದ್ದು ಸುಧಾರಿಸಿಕೊಂಡಿವೆ ಕೂಡ. ಬಿಡುವು ಸಿಕ್ಕರೆ ಶೆಲ್ಲಿನೊಳಗಿನ ರಾಸಾಯನಿಕಗಳು ಮತ್ತೆ ಸಮನಾಗಿ ಹರಡಿಕೊಂಡು ವೋಲ್ಟೇಜು ತುಸು ಮೇಲೇರುತ್ತದೆ. ನಿಮಗೆ ಸಿಕ್ಕ ಆ ಹತ್ತು ನಿಮಿಷ ಇದರಿಂದ ಬಂದದ್ದು. ಅದನ್ನು ನಂಬಿಕೊಂಡು ಸಂಜೆಯ ಆಟಕ್ಕೆ ಕೂರಬೇಡಿ.

ಟಿವಿ ರಿಮೋಟಿನ ಸಾಕ್ಷಿ ಯಾಕೆ ನಡೆಯುವುದಿಲ್ಲ ಎಂಬುದಕ್ಕೂ ಲೆಕ್ಕವಿದೆ. ಗೋಡೆ ಗಡಿಯಾರವನ್ನು ತೆಗೆದುಕೊಂಡರೆ ಇನ್ನೂ ಸ್ಪಷ್ಟ. 2000 ಮಿಲಿಆಂಪಿಯರ್-ಗಂಟೆಯ ಒಂದು ಶೆಲ್ಲು ಗಡಿಯಾರವನ್ನು ಒಂದು ವರ್ಷ ನಡೆಸಿತು ಎಂದರೆ, ವರ್ಷಕ್ಕೆ 8760 ಗಂಟೆ, ಗಡಿಯಾರ ಸರಾಸರಿ ಎಳೆದದ್ದು ಕಾಲು ಮಿಲಿಆಂಪಿಯರಿಗಿಂತ ಕಡಿಮೆ. ಕಂಟ್ರೋಲರಿಗೆ ಬಂದರೆ, ಉದಾಹರಣೆಗೆ ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಂದು ಜೊತೆ ಎಎ ಶೆಲ್ಲಿನಲ್ಲಿ ಹೆಚ್ಚೆಂದರೆ 40 ಗಂಟೆ ನಡೆಯುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಒಳ್ಳೆಯ ಅಲ್ಕಲೈನ್ ಶೆಲ್ಲಿನ 2500 ಮಿಲಿಆಂಪಿಯರ್-ಗಂಟೆಯನ್ನು 40ರಿಂದ ಭಾಗಿಸಿದರೆ ಸರಾಸರಿ 60 ಮಿಲಿಆಂಪಿಯರಿನ ಮೇಲಾಯಿತು. ಗಡಿಯಾರದ ಇನ್ನೂರೈವತ್ತು ಪಟ್ಟು! ಇದು ಸರಾಸರಿಯ ಮಾತಾಯಿತು. ಗುದ್ದಿದಾಗ ಕೈ ನಡುಗಿಸುತ್ತದಲ್ಲ, ಆ ನಡುಕ ಬರುವುದು ಒಳಗಿನ ಪುಟ್ಟ ಮೋಟಾರುಗಳಿಂದ. ಮೋಟಾರಿನ ಕಡ್ಡಿಗೆ ಒಂದು ಪಕ್ಕಕ್ಕೆ ಭಾರ ಜೋತುಬಿದ್ದಿರುತ್ತದೆ, ತಿರುಗಿದಾಗ ಇಡೀ ಕಂಟ್ರೋಲರನ್ನು ಅಲುಗಾಡಿಸುತ್ತದೆ. 2013ರಲ್ಲಿ ಬಂದ ಎಕ್ಸ್‌ಬಾಕ್ಸ್ ಒನ್‌ನಿಂದ ಈಚಿನ ಕಂಟ್ರೋಲರುಗಳಲ್ಲಿ ಇಂಥವು ನಾಲ್ಕು: ಹಿಡಿಕೆಗಳಲ್ಲಿ ಎರಡು, ಬೆರಳಿನಿಂದ ಒತ್ತುವ ಟ್ರಿಗರುಗಳಲ್ಲಿ ಎರಡು. ನಿಂತ ಮೋಟಾರು ಹೊರಡುವಾಗ ಎಳೆಯುವ ಕರೆಂಟು ಓಡುತ್ತಿರುವಾಗಿನದಕ್ಕಿಂತ ಬಹಳ ಹೆಚ್ಚು. ಬಚ್ಚಲಿನ ನಲ್ಲಿ ಪೂರ್ತಿ ತಿರುಗಿತು ಎಂದು ಲೆಕ್ಕ.

ಇಲ್ಲಿ ಇನ್ನೊಂದು ಎಡವಟ್ಟಿದೆ. ಇಂಥ ಉಪಕರಣಗಳಲ್ಲಿ ಸಾಮಾನ್ಯವಾಗಿ ಶೆಲ್ಲಿನ ವೋಲ್ಟೇಜನ್ನು ಏರಿಸಿ ಒಂದೇ ಮಟ್ಟದಲ್ಲಿ ಹಿಡಿದಿಡುವ ಸರ್ಕೀಟು ಇರುತ್ತದೆ. ಶೆಲ್ಲು ಸೋತು ವೋಲ್ಟೇಜು ಇಳಿದಷ್ಟೂ ಅದು ಕೊರತೆ ತುಂಬಲು ಹೆಚ್ಚು ಹೆಚ್ಚು ಕರೆಂಟು ಎಳೆಯುತ್ತದೆ. ಏರಿನಲ್ಲಿ ಮುಗ್ಗರಿಸಿದ ಎತ್ತಿಗೆ ಬಾರುಕೋಲಿನ ಏಟು ಬಿದ್ದಂತೆ. ಎಳೆದಷ್ಟೂ ಶೆಲ್ಲು ಇನ್ನಷ್ಟು ಕುಸಿಯುತ್ತದೆ, ಕುಸಿದಷ್ಟೂ ಎಳೆತ ಹೆಚ್ಚುತ್ತದೆ, ಕೊನೆಗೆ ಕಂಟ್ರೋಲರಿನೊಳಗಿನ ಚಿಪ್ಪು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಆದ್ದರಿಂದಲೇ ಟಾರ್ಚು ಮಂಕಾಗುತ್ತ ಮಂಕಾಗುತ್ತ ಆರಿದರೆ ಕಂಟ್ರೋಲರ್ ಕಣ್ಣು ಮಿಟುಕಿಸುವಷ್ಟರಲ್ಲಿ ಸಾಯುತ್ತದೆ. ಭಾರ ಇಳಿದ ಮೇಲೆ ಶೆಲ್ಲು ಚೇತರಿಸಿಕೊಳ್ಳುತ್ತದೆ. ಮತ್ತೆ ಬಟನ್ ಒತ್ತಿದರೆ ಏನೂ ಆಗೇ ಇಲ್ಲವೆಂಬಂತೆ ದೀಪ ಹತ್ತುತ್ತದೆ.

ಅಲ್ಕಲೈನ್ ಶೆಲ್ಲಿನ ಪೈಪು ಅಗಲವಾದದ್ದು ಹೇಗೆ ಎಂಬ ಕಥೆ ನಿಮ್ಮ ಮಗನಿಗೆ ಇಷ್ಟವಾಗಬಹುದು, ಯಾಕೆಂದರೆ ಅದೂ ಒಂದು ಕಾರ್ ರೇಸಿನ ಕಥೆ. ಸತು-ಕಾರ್ಬನ್ ಶೆಲ್ಲಿನ ಮೂಲ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಶೆಲ್ಲು. ಅವನದು ಗಾಜಿನ ಜಾಡಿಯೊಳಗೆ ದ್ರವ ತುಂಬಿದ್ದು. ಮುಂದೆ ಅದು ಒಣ ಶೆಲ್ಲಾದಾಗ ಜಾಡಿಯ ಬದಲು ಸತುವಿನ ಡಬ್ಬಿ ಬಂತು. ಆ ಡಬ್ಬಿಯ ಗೋಡೆಯೇ ಇಂಧನ. ಕರೆಂಟು ಕೊಡುತ್ತ ಕೊಡುತ್ತ ಅದು ತನ್ನ ಗೋಡೆಯನ್ನೇ ತಿಂದುಕೊಳ್ಳುತ್ತದೆ, ಮುಗಿದ ಮೇಲೆ ತೂತು ಬಿದ್ದು ಸೋರುತ್ತದೆ. 1950ರ ದಶಕದಲ್ಲಿ ಕೆನಡಾದ ಲೂಯಿಸ್ ಉರ್ರಿ ಎಂಬ ಎಂಜಿನಿಯರನ್ನು ಎವರೆಡಿ ಕಂಪನಿ ಅಮೆರಿಕದ ಓಹಿಯೋದಲ್ಲಿದ್ದ ತನ್ನ ಪ್ರಯೋಗಾಲಯಕ್ಕೆ ಕಳುಹಿಸಿತು. ಒಪ್ಪಿಸಿದ ಕೆಲಸ, ಸತು-ಕಾರ್ಬನ್ ಶೆಲ್ಲಿನ ಆಯುಸ್ಸು ಹೆಚ್ಚಿಸುವುದು. ಉರ್ರಿ ಆ ದಾರಿ ಬಿಟ್ಟು ಕ್ಷಾರದ ಶೆಲ್ಲಿನ ಕಡೆ ತಿರುಗಿದ. ಸತುವನ್ನು ಗೋಡೆಯಾಗಿ ಇಡದೆ ಪುಡಿ ಮಾಡಿ ನಡುವೆ ತುಂಬಿದ. ಒಂದು ತುಂಡು ಬೆಲ್ಲಕ್ಕಿಂತ ಅಷ್ಟೇ ತೂಕದ ಬೆಲ್ಲದ ಪುಡಿ ಬೇಗ ಕರಗುವುದಕ್ಕೆ ಏನು ಕಾರಣವೋ ಇಲ್ಲಿಯೂ ಅದೇ. ಪುಡಿಗೆ ಮೈ ಹೆಚ್ಚು, ಏಕಕಾಲಕ್ಕೆ ಕೆಲಸ ಮಾಡುವ ಜಾಗ ಹೆಚ್ಚು, ರೋಧ ಕಡಿಮೆ. ತನ್ನ ಮೇಲಧಿಕಾರಿಯನ್ನು ಒಪ್ಪಿಸಲು ಉರ್ರಿ ಕೋಷ್ಟಕ ಹಿಡಿದು ಹೋಗಲಿಲ್ಲ. ಹತ್ತಿರದ ಅಂಗಡಿಯಿಂದ ಎರಡು ಆಟಿಕೆ ಕಾರು ತಂದು, ಒಂದಕ್ಕೆ ಹಳೆಯ ಬಗೆಯ ಶೆಲ್ಲು, ಇನ್ನೊಂದಕ್ಕೆ ತನ್ನದನ್ನು ಹಾಕಿ, ಕಂಪನಿಯ ಕ್ಯಾಂಟೀನಿನ ನೆಲದ ಮೇಲೆ ಬಿಟ್ಟ. ಒಂದು ಸ್ವಲ್ಪ ದೂರ ಹೋಗಿ ನಿಂತಿತು. ಇನ್ನೊಂದು ಕ್ಯಾಂಟೀನಿನ ಆ ತುದಿಗೂ ಈ ತುದಿಗೂ ಓಡುತ್ತಲೇ ಇತ್ತು. ಸುತ್ತ ಸೇರಿದ್ದ ಜನಕ್ಕೆ ನೋಡಿ ನೋಡಿ ಸಾಕಾಯಿತಂತೆ. 1959ರಲ್ಲಿ ಆ ಶೆಲ್ಲು ಮಾರುಕಟ್ಟೆಗೆ ಬಂತು.

ನಿಮ್ಮ ಮನೆಯಲ್ಲಿ ನಡೆದದ್ದೂ ಅದೇ ರೇಸು, ಕಾರು ಮಾತ್ರ ಪರದೆಯ ಮೇಲಿನದು.

ಇಷ್ಟಾದರೂ ನನ್ನದು ಕಾಗದ ಓದಿ ಮಾಡಿದ ರೋಗನಿರ್ಣಯ. ಖಚಿತಪಡಿಸಿಕೊಳ್ಳಲು ಒಂದು ಒಳ್ಳೆಯ ಉಪಾಯವಿದೆ, ಅದಕ್ಕೆ ಕಾಸು ಖರ್ಚಿಲ್ಲ. ಎಕ್ಸ್‌ಬಾಕ್ಸ್ ಒನ್‌ನಿಂದ ಈಚಿನ ಕಂಟ್ರೋಲರುಗಳ ನೆತ್ತಿಯಲ್ಲಿ ಯುಎಸ್‌ಬಿ ಕಿಂಡಿ ಇರುತ್ತದೆ, 2020ಕ್ಕೆ ಮೊದಲಿನದಾದರೆ ಮೈಕ್ರೋ, ಆಮೇಲಿನದಾದರೆ ಸಿ ಮಾದರಿಯದು. ಎರಡೂ ಶೆಲ್ಲು ತೆಗೆದುಹಾಕಿ, ಫೋನಿನ ಡೇಟಾ ಕೇಬಲ್ಲಿನಿಂದ ಕಂಟ್ರೋಲರನ್ನು ಕಂಪ್ಯೂಟರಿಗೆ ಚುಚ್ಚಿ ಆಡಲು ಹೇಳಿ. ಶೆಲ್ಲಿಲ್ಲದೆಯೂ ಅದು ಕೆಲಸ ಮಾಡುತ್ತದೆ. ಹತ್ತು ಸಲ ಕಾರು ಗುದ್ದಿಸಿದರೂ ಸಾಯಲಿಲ್ಲವೆಂದರೆ ಕಂಟ್ರೋಲರಿನ ಬಟನ್ನು, ಮೋಟಾರು, ಚಿಪ್ಪು ಎಲ್ಲ ಸರಿಯಿವೆ. ಹೊಸದನ್ನು ಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು. ಕೇಬಲ್ಲಿನಲ್ಲೂ ಸತ್ತರೆ ಮಾತ್ರ ಒಳಗೆ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯಬಹುದು. ಒಂದು ಎಚ್ಚರ: ಬರೀ ಚಾರ್ಜಿಗೆಂದು ಮಾಡಿದ ಕೇಬಲ್ಲುಗಳೂ ಮನೆಯಲ್ಲಿ ಬಿದ್ದಿರುತ್ತವೆ. ಅವುಗಳಲ್ಲಿ ಮಾಹಿತಿ ಸಾಗಿಸುವ ತಂತಿಯೇ ಇರುವುದಿಲ್ಲ. ಫೋನಿನ ಫೋಟೋ ಕಂಪ್ಯೂಟರಿಗೆ ಹಾಕಲು ಬಳಸುವ ಕೇಬಲ್ಲೇ ಆಗಬೇಕು. ಲಾಜಿಟೆಕ್‌ನ ಎಫ್710ರಂಥ ಕಂಟ್ರೋಲರುಗಳಲ್ಲಿ ಕೇಬಲ್ಲಿನ ಕಿಂಡಿಯೇ ಇಲ್ಲ. ಅಲ್ಲಿ ಆಟದ ಸೆಟ್ಟಿಂಗ್‌ನಲ್ಲಿ ವೈಬ್ರೇಷನ್ ಬಂದ್ ಮಾಡಿ ನೋಡಿ. ನಡುಕ ನಿಲ್ಲಿಸಿದ ಮೇಲೆ ಹೆಚ್ಚು ಹೊತ್ತು ಬದುಕಿದರೆ ದೋಷ ಶೆಲ್ಲಿನದು, ಇಲ್ಲವೇ ಅದರ ಗೂಡಿನದು.

ಕೇಬಲ್ ಪರೀಕ್ಷೆ ಪಾಸಾದ ಮೇಲೆ, ಅಲ್ಕಲೈನ್ ಶೆಲ್ಲು ತರುವ ಮುಂಚೆ, ಶೆಲ್ಲಿನ ಗೂಡನ್ನು ಒಮ್ಮೆ ನೋಡಿ. ನಾನು ನಗೆಪಾಟಲಾದದ್ದು ಇಲ್ಲೇ. ತಂಗಿಯ ಮಗನ ಕಂಟ್ರೋಲರ್ ಇದೇ ಥರ ಕೈಕೊಟ್ಟಾಗ ಒಂದು ಭಾನುವಾರದ ಅರ್ಧ ದಿನ ಡ್ರೈವರ್ ಅಳಿಸಿ ಹಾಕಿ, ಜೋಡಿ ಬಿಡಿಸಿ, ಮತ್ತೆ ಜೋಡಿಸಿ, ಕಂಪ್ಯೂಟರನ್ನು ಮೂರು ಸಲ ಆರಿಸಿ ಹೊತ್ತಿಸಿ ಸುಸ್ತಾಗಿದ್ದೆ. ಎರಡೆರಡು ಶೆಲ್ಲನ್ನು ಒಟ್ಟಿಗೆ ಬಿಗಿದ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆಯ ಒಂದು ಚೂರು ಶೆಲ್ಲಿನ ಬುಡಕ್ಕೇ ಅಂಟಿಕೊಂಡಿತ್ತು. ಕಂಡುಹಿಡಿದದ್ದು ನಾನಲ್ಲ, ಕಾಫಿ ತಂದುಕೊಟ್ಟ ತಂಗಿ. ‘ಇದೇನಣ್ಣ ಹಾಳೆ ಥರ’ ಎಂದು ಉಗುರಿನಲ್ಲಿ ಕಿತ್ತಳು, ಕಂಟ್ರೋಲರ್ ಎದ್ದು ಕೂತಿತು.

ಗೂಡಿನಲ್ಲಿ ಶೆಲ್ಲಿನ ಚಪ್ಪಟೆ ಬುಡ ಸ್ಪ್ರಿಂಗಿನ ಕಡೆಗೆ, ಇನ್ನೊಂದು ತುದಿಯ ಉಬ್ಬು ಎದುರಿನ ತಗಡಿನ ಕಡೆಗೆ ಬರಬೇಕು. ಎರಡೂ ಶೆಲ್ಲಿನ ಮುಖ ಒಂದೇ ಕಡೆಗಿರಬೇಕು ಎಂದುಕೊಂಡು ತಪ್ಪು ಮಾಡುವವರು ಬಹಳ. ಹೆಚ್ಚಿನವುಗಳಲ್ಲಿ ಅವು ಒಂದಕ್ಕೊಂದು ಬೆನ್ನು ತಿರುಗಿಸಿ ಮಲಗುತ್ತವೆ. ಗೂಡಿನ ತಳದಲ್ಲಿ ಚಿತ್ರ ಕೆತ್ತಿರುತ್ತಾರೆ. ಉಲ್ಟಾ ಹಾಕಿದರೆ ಕರೆಂಟು ಹರಿಯದಿರಲಿ ಎಂದು ಕೆಲವರು ಆ ತಗಡನ್ನು ಸ್ವಲ್ಪ ಹಳ್ಳದಲ್ಲಿ ಕೂರಿಸುತ್ತಾರೆ. ಆಗ ಉಬ್ಬು ಗಿಡ್ಡವಾದ ಶೆಲ್ಲು ಸರಿಯಾಗಿ ಹಾಕಿದರೂ ಅದಕ್ಕೆ ತಾಗಿಯೂ ತಾಗದಂತೆ ನಿಂತು, ಕೈ ಅಲುಗಿದ ಕೂಡಲೇ ಸಂಪರ್ಕ ತಪ್ಪಬಹುದು. ನಿಮ್ಮ ಕಂಟ್ರೋಲರ್ ನಡುಗಿದಾಗಲೇ ಸಾಯುವುದಕ್ಕೆ ಇದೂ ಒಂದು ಕಾರಣವಾಗಿರಲು ಸಾಧ್ಯ. ಪರೀಕ್ಷೆ ಸುಲಭ. ಆಡದೆ ಸುಮ್ಮನೆ ಕಂಟ್ರೋಲರನ್ನು ಅಂಗೈ ಮೇಲೆ ಮೆಲ್ಲಗೆ ತಟ್ಟಿ. ಮೋಟಾರು ತಿರುಗದೆ ಬರೀ ತಟ್ಟಿದ್ದಕ್ಕೇ ಆರಿದರೆ ಸಂಪರ್ಕದ ದೋಷ, ಶೆಲ್ಲು ನಿರಪರಾಧಿ. ಕುಗ್ಗಿದ ಸ್ಪ್ರಿಂಗನ್ನು ಹುಷಾರಾಗಿ ಒಂದೆರಡು ಮಿಲಿಮೀಟರ್ ಹೊರಕ್ಕೆ ಎಳೆದರೆ ಸಾಕು.

ಶಿವಮೊಗ್ಗದ ಮಳೆಗಾಲ ಗೊತ್ತೇ ಇದೆ. ತೇವಕ್ಕೆ ತಗಡು ಮಂಕಾಗಿದ್ದರೆ ಮಗನ ಜಾಮಿಟ್ರಿ ಬಾಕ್ಸಿನ ರಬ್ಬರಿನಿಂದ ಉಜ್ಜಿ. ಬಿಳಿ ಪುಡಿ ಕಟ್ಟಿದ್ದರೆ ಹಿಂದೆ ಯಾವಾಗಲೋ ಅಲ್ಕಲೈನ್ ಶೆಲ್ಲು ಸೋರಿದೆ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕಟುವಾದ ಕ್ಷಾರ, ಬರಿಗೈಲಿ ಮುಟ್ಟಬೇಡಿ. ಕ್ಷಾರಕ್ಕೆ ಹುಳಿಯೇ ಮದ್ದು. ಹತ್ತಿಯ ತುದಿಗೆ ನಿಂಬೆರಸವನ್ನೋ ವಿನೆಗರನ್ನೋ ತಾಗಿಸಿ ಒರೆಸಿ, ಆಮೇಲೆ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಸತು-ಕಾರ್ಬನ್ ಶೆಲ್ಲು ಸೋರಿದ್ದರೆ ಅದು ಆಮ್ಲದ ಕಡೆಯದು. ಅಲ್ಲಿ ಅಡುಗೆ ಸೋಡಾ ಕಲಸಿದ ನೀರು ಬೇಕು. ಯಾವುದೇ ಇರಲಿ, ಒದ್ದೆ ಕೈಯಲ್ಲಿ ತೊಳೆಯಲು ಹೋಗಬೇಡಿ.

ಇನ್ನು ಜೋಡಿಯ ವಿಷಯ. ನಿಮಗೆ ಇದರ ಅಗತ್ಯ ಬೀಳಲಾರದು, ಆದರೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಕೇಳುವವರಿದ್ದಾರೆ: ಶೆಲ್ಲು ಬದಲಿಸಿದ ಮೇಲೆ ದೀಪ ಮಿಟುಕುತ್ತಲೇ ಇರುತ್ತದೆ, ಕಂಪ್ಯೂಟರಿಗೆ ಸೇರುವುದೇ ಇಲ್ಲ ಎನ್ನುವವರು. ಅಲ್ಲಿಯೂ ಅಳಿದುಹೋದದ್ದು ಏನೂ ಇಲ್ಲ. ಬಹಳ ಸಲ ನಡುವೆ ಯಾರೋ ಅದನ್ನು ಫೋನಿಗೋ ಪಕ್ಕದ ಮನೆಯ ಹುಡುಗನ ಲ್ಯಾಪ್‌ಟಾಪಿಗೋ ಜೋಡಿಸಿರುತ್ತಾರೆ, ಕಂಟ್ರೋಲರ್ ಆ ಕೊನೆಯ ಗೆಳೆಯನನ್ನೇ ಹುಡುಕುತ್ತಿರುತ್ತದೆ. ನಿಂಟೆಂಡೋದ 2006ರ ವೀ ರಿಮೋಟಿನಲ್ಲಂತೂ ಜೋಡಿಸುವ ಕೆಂಪು ಬಟನ್ ಇದ್ದದ್ದೇ ಶೆಲ್ಲಿನ ಮುಚ್ಚಳದ ಕೆಳಗೆ; ಶೆಲ್ಲು ಬದಲಿಸುವವರ ಹೆಬ್ಬೆರಳು ಅದರ ಮೇಲೆ ಬೀಳದಿದ್ದರೆ ಆಶ್ಚರ್ಯ. ಎಕ್ಸ್‌ಬಾಕ್ಸ್‌ನದಾದರೆ ನಡುವಿನ ದೊಡ್ಡ ಬಟನನ್ನು ಆರು ಸೆಕೆಂಡು ಒತ್ತಿ ಹಿಡಿದರೆ ಪೂರ್ತಿ ಆರುತ್ತದೆ. ಶೆಲ್ಲು ತೆಗೆದು, ಅದೇ ಬಟನನ್ನು ಇನ್ನೂ ಒಂದೆರಡು ಸಲ ಒತ್ತಿ. ಕೆಪಾಸಿಟರಿನಲ್ಲಿ ಉಳಿದ ಚೂರುಪಾರು ಕರೆಂಟು ಅದರಿಂದ ಖಾಲಿಯಾಗುತ್ತದೆ. ಶೆಲ್ಲು ಹಾಕಿ, ಕಂಪ್ಯೂಟರಿನ ಬ್ಲೂಟೂತ್ ಪಟ್ಟಿಯಿಂದ ಹಳೆಯ ಹೆಸರನ್ನು ತೆಗೆದು, ನೆತ್ತಿಯ ಪುಟ್ಟ ಬಟನ್ ಒತ್ತಿಹಿಡಿದು ಹೊಸದಾಗಿ ಜೋಡಿಸಿದರಾಯಿತು. 2013ರ ಮೊದಲ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರಿಗೆ ಬ್ಲೂಟೂತೇ ಇಲ್ಲ, ಅದು ಬಂದದ್ದು 2016ರಲ್ಲಿ. ಸೆಕೆಂಡ್ ಹ್ಯಾಂಡ್ ಕೊಂಡವರು ದೊಡ್ಡ ಬಟನ್ನಿನ ಸುತ್ತಲಿನ ಪ್ಲಾಸ್ಟಿಕ್ ನೋಡಿ. ಅದು ಮುಖದ ಪ್ಲಾಸ್ಟಿಕ್ಕಿನಷ್ಟೇ ಮಂಕಾಗಿ, ಅದರದೇ ಮುಂದುವರಿಕೆಯಂತೆ ಇದ್ದರೆ ಬ್ಲೂಟೂತ್ ಇದೆ. ಬೇರೆ ತುಂಡಾಗಿ ನೆತ್ತಿಯ ಬಟನ್ನುಗಳ ಜೊತೆ ಸೇರಿಕೊಂಡು ಹೊಳೆಯುತ್ತಿದ್ದರೆ ಇಲ್ಲ.

ಪುಟ್ಟ ರಿಸೀವರ್ ಚುಚ್ಚುವ ಬಗೆಯವರು ಅದನ್ನು ಯುಎಸ್‌ಬಿ 3ರ ನೀಲಿ ಕಿಂಡಿಯ ಪಕ್ಕ, ಓಡುತ್ತಿರುವ ಹಾರ್ಡ್‌ಡಿಸ್ಕಿನ ಮಗ್ಗುಲಲ್ಲಿ ಇಡಬೇಡಿ. ಯುಎಸ್‌ಬಿ 3ರ ಸಂಪರ್ಕಗಳು ವೈರ್‌ಲೆಸ್ ಸಾಧನಗಳು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ 2012ರಲ್ಲೇ ಅಳೆದು ತೋರಿಸಿದೆ. ಒಂದಡಿಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಸರಿಸಿದರೆ ಗುಣ ಕಾಣುತ್ತದೆ.

ಈಗ ಏನು ಕೊಳ್ಳಬೇಕು? ವಾರಕ್ಕೊಮ್ಮೆ ಆಡುವುದಾದರೆ ಎರಡು ಅಲ್ಕಲೈನ್ ಸಾಕು. ಮಗ ದಿನಾ ಆಡುತ್ತಾನೆಂದರೆ (ಅದರ ಬಗ್ಗೆ ನೀವು ನನ್ನನ್ನು ಕೇಳಿಲ್ಲ, ನಾನೂ ಹೇಳುವುದಿಲ್ಲ) ನಾಲ್ಕು ನಿಕಲ್-ಮೆಟಲ್ ಹೈಡ್ರೈಡ್ ಶೆಲ್ಲು ಮತ್ತು ಒಂದು ಚಾರ್ಜರ್ ಕೊಳ್ಳುವುದು ಲಾಭ. ಇವುಗಳಲ್ಲಿ ಚಾರ್ಜ್ ಬೇಗ ಇಳಿದುಹೋಗದ ಬಗೆಯೊಂದಿದೆ, 2005ರಲ್ಲಿ ಸ್ಯಾನ್ಯೊ ಕಂಪನಿ ಎನೆಲೂಪ್ ಹೆಸರಿನಲ್ಲಿ ಮೊದಲು ತಂದದ್ದು. ಈಗ ಹಲವರು ಮಾಡುತ್ತಾರೆ. ಉಳಿದ ಬಗೆ ಪ್ಯಾಕೆಟಿನಿಂದ ತೆಗೆದಾಗ ಅರ್ಧಂಬರ್ಧ ಖಾಲಿಯೇ ಇರುತ್ತದೆ. ‘ಹೊಸದು ಹಾಕಿದೆ, ನಡೆಯುತ್ತಿಲ್ಲ’ ಎನ್ನುವವರಲ್ಲಿ ಅದನ್ನು ಚಾರ್ಜ್ ಮಾಡದೆ ಹಾಕಿದವರೂ ಇರುತ್ತಾರೆ. ನಿಕಲ್-ಮೆಟಲ್ ಹೈಡ್ರೈಡ್ ಶೆಲ್ಲುಗಳೆಲ್ಲ 1.2 ವೋಲ್ಟಿನವಾದ್ದರಿಂದ ಪರದೆಯ ಮೇಲಿನ ಬ್ಯಾಟರಿ ಚಿಹ್ನೆ ಸದಾ ಅರ್ಧ ಖಾಲಿ ಎಂದು ದೂರುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಬೇರೆಯದಿದೆ. 14500 ಎಂಬ ಸಂಖ್ಯೆಯ ಲಿಥಿಯಂ-ಅಯಾನ್ ಶೆಲ್ಲು ನೋಡಲು ಅಳತೆಯಲ್ಲಿ ಎಎ ಶೆಲ್ಲಿನಂತೆಯೇ ಇರುತ್ತದೆ, ಗೂಡಿನಲ್ಲಿ ಕೂರುತ್ತದೆ. ಅದರ ವೋಲ್ಟೇಜು 3.7. ಎರಡು ಸೇರಿದರೆ 7.4, ಕಂಟ್ರೋಲರಿಗೆ ಬೇಕಾದ್ದರ ಎರಡೂವರೆ ಪಟ್ಟು. ಅದನ್ನು ಹಾಕಿದರೆ ಮಗ ಹೇಳಿದ್ದೇ ನಿಜವಾಗುತ್ತದೆ, ಬೇರೆ ಕಂಟ್ರೋಲರೇ ತರಬೇಕಾಗುತ್ತದೆ. ಹಾಗೆಯೇ ಒಂದು ಹಳೆಯದು, ಒಂದು ಹೊಸದು ಎಂದು ಬೆರಕೆ ಹಾಕಬೇಡಿ. ಎರಡೂ ಸಾಲಾಗಿ ನಿಂತು ಒಂದೇ ಕರೆಂಟನ್ನು ಹೊರುತ್ತವೆ. ಮೊದಲು ಖಾಲಿಯಾದದ್ದರ ಮೂಲಕ ಇನ್ನೊಂದು ಬಲವಂತವಾಗಿ ಕರೆಂಟು ನೂಕುತ್ತದೆ, ಖಾಲಿಯಾದದ್ದು ಉಬ್ಬಿ ಸೋರುತ್ತದೆ.

ಶೆಲ್ಲನ್ನು ಮೇಜಿನ ಮೇಲೆ ಬೀಳಿಸಿ, ಪುಟಿದರೆ ಖಾಲಿ ಎನ್ನುವ ಪರೀಕ್ಷೆ ನಿಮ್ಮ ಮಗ ಮೊಬೈಲಿನಲ್ಲಿ ನೋಡಿರಬಹುದು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದನ್ನೇ ಕೂತು ಪರೀಕ್ಷಿಸಿದರು. ಅಲ್ಕಲೈನ್ ಶೆಲ್ಲಿನೊಳಗಿನ ಸತುವಿನ ಪುಡಿ ಆಕ್ಸೈಡಾಗಿ ಒಂದಕ್ಕೊಂದು ಬೆಸೆದುಕೊಳ್ಳುವುದರಿಂದ ಪುಟಿತ ಹೆಚ್ಚುವುದು ಹೌದು, ಆದರೆ ಅರ್ಧ ಖಾಲಿಯಾಗುವಷ್ಟರಲ್ಲೇ ಅದು ಹೆಚ್ಚುವುದು ನಿಲ್ಲುತ್ತದೆ. ಆದ್ದರಿಂದ ಪುಟಿಯುವ ಶೆಲ್ಲು ಹೊಸದಲ್ಲ ಎನ್ನಬಹುದು, ಸತ್ತಿದೆ ಎನ್ನಲಾಗದು. ಸತು-ಕಾರ್ಬನ್ನಿಗಂತೂ ಈ ಆಟ ಅನ್ವಯಿಸುವುದಿಲ್ಲ. ಅದಕ್ಕಿಂತ ಅಟ್ಟದ ಮೇಲಿನ ಹಳೆಯ ಬಲ್ಬಿನ ಟಾರ್ಚು ಒಳ್ಳೆಯದು, ಎಲ್‌ಇಡಿ ಅಲ್ಲ, ತಂತಿಯ ಬಲ್ಬಿನದು. ಎರಡು ಪೆನ್ಸಿಲ್ ಶೆಲ್ಲಿನ ಅಂಥ ಟಾರ್ಚು ಇನ್ನೂರು ಮುನ್ನೂರು ಮಿಲಿಆಂಪಿಯರ್ ಎಳೆಯುತ್ತದೆ. ನಿಮ್ಮ ಹೊಸ ಶೆಲ್ಲು ಹಾಕಿ ಎರಡು ನಿಮಿಷ ಉರಿಸಿ. ಬಿಳಿಯಾಗಿದ್ದ ಬೆಳಕು ಕೆಂಪಗೆ ತಿರುಗಿದರೆ ಮೀಟರು ಮುಚ್ಚಿಟ್ಟದ್ದು ಹೊರಬಂತು.

ಆ ಎರಡು ಶೆಲ್ಲುಗಳನ್ನು ಬಿಸಾಡಬೇಡಿ. ಒಂದನ್ನು ಗೋಡೆ ಗಡಿಯಾರಕ್ಕೆ ಹಾಕಿ, ಇನ್ನೊಂದನ್ನು ಮೀಸಲಿಡಿ. ಹಾಕಿದ ತಾರೀಖನ್ನು ಗಡಿಯಾರದ ಬೆನ್ನಿಗೆ ಬರೆದು, ವರ್ಷ ತುಂಬಿದ ಮೇಲೆ, ಅದು ಓಡುತ್ತಿದ್ದರೂ, ಸೋರುವ ಮುಂಚೆ ತೆಗೆಯಿರಿ.